ಅರವತ್ತೊಂದನೇ ನಂಬರಿನ ಗೆರೆಗಳು

ಒಳ್ಳೆಯ ಸಾಲು ಕಂಡರೆ ಬರೆದಿಟ್ಟುಕೊಳ್ಳುವ ಚಟ ನನಗಿತ್ತು. ಹವ್ಯಾಸ ಎಂದು ಕರೆದು ಅದಕ್ಕೆ ಮರ್ಯಾದೆ ಕೊಡುವ ಮನಸ್ಸು ಈಗ ಇಲ್ಲ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಬೀಳ್ಕೊಡುಗೆ ಇರಲಿ, ಗಣರಾಜ್ಯೋತ್ಸವ ಇರಲಿ, ಮಾತಾಡಲು ಎದ್ದವನು ಯಾವುದಾದರೊಂದು ಪುಸ್ತಕದ ಸಾಲು ಹೇಳದೆ ಕೂರುತ್ತಿರಲಿಲ್ಲ. "ಇವರ ಬಾಯಲ್ಲೇ ಒಂದು ಲೈಬ್ರರಿ ಇದೆ" ಎಂದು ಹೆಡ್‌ಮಾಸ್ಟರು ಹೇಳಿದ ದಿನ ಉಬ್ಬಿಹೋಗಿದ್ದೆ.

ಆ ಸಾಲುಗಳೆಲ್ಲ ಬರುತ್ತಿದ್ದುದು ಭದ್ರಾವತಿಯಿಂದ. ತೊಂಬತ್ತರ ದಶಕದಲ್ಲಿ ನಾವಿದ್ದದ್ದು ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಬೀದಿಯ ಕೆಲವರು ಸೇರಿಕೊಂಡು ಒಂದು ಕೋಣೆಯಲ್ಲಿ ವಾಚನಾಲಯ ನಡೆಸುತ್ತಿದ್ದರು. ಮನೆಗೊಂದೇ ನಂಬರು, ಅದೂ ಯಜಮಾನನ ಹೆಸರಿನಲ್ಲಿ. ಯಾರು ಪುಸ್ತಕ ಒಯ್ದರೂ ಹಿಂಬದಿಗೆ ಅಂಟಿಸಿದ ಚೀಟಿಯಲ್ಲಿ ಆ ನಂಬರು ಬರೆಯುತ್ತಿದ್ದರು. ಹದಿನೈದು ದಿನದೊಳಗೆ ವಾಪಸು ಕೊಡಬೇಕು.

ಒಮ್ಮೆ ನಾನು ತಂದ ಕಾದಂಬರಿಯಲ್ಲಿ ಅಲ್ಲಲ್ಲಿ ಒಂದೊಂದು ಸಾಲಿನ ಕೆಳಗೆ ಪೆನ್ಸಿಲಿನ ಸಣ್ಣ ಗೆರೆ ಇತ್ತು. ಚೀಟಿ ನೋಡಿದರೆ ನನಗಿಂತ ಮೊದಲು ಅದನ್ನು ಓದಿದ್ದು ಅರವತ್ತೊಂದನೇ ನಂಬರು ಮಾತ್ರ. ಅದೇ ನಂಬರಿದ್ದ ಇನ್ನೊಂದು ಪುಸ್ತಕ ಹುಡುಕಿ ತೆಗೆದೆ. ಅದರಲ್ಲೂ ಅಂಥವೇ ಗೆರೆಗಳು. ಆಮೇಲೆ ಲೇಖಕರ ಹೆಸರು ನೋಡಿ ಪುಸ್ತಕ ಆರಿಸುವುದನ್ನೇ ಬಿಟ್ಟೆ. ಹಿಂಬದಿಯ ಚೀಟಿಯಲ್ಲಿ ಅರವತ್ತೊಂದು ಇದ್ದರೆ ಸರಿ, ಕಣ್ಣುಮುಚ್ಚಿ ತರುತ್ತಿದ್ದೆ.

ಗೆರೆ ಎಳೆದ ಸಾಲುಗಳು ತೀರಾ ಸಾಧಾರಣವಾಗಿರುತ್ತಿದ್ದವು. ಯಾರೋ ಒಲೆಯ ಮುಂದಿನಿಂದ ಎದ್ದು ಬಾಗಿಲ ಕಡೆ ನೋಡಿದರು, ಯಾರೋ ಒಗೆದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರು, ಇಂಥವು. ಮೊದಲು ಇದರಲ್ಲೇನಿದೆ ಅನ್ನಿಸುತ್ತಿತ್ತು. ನಾಲ್ಕು ಸಲ ಓದಿದರೆ ಏನೋ ಇದೆ ಅನ್ನಿಸುತ್ತಿತ್ತು. ನಾಲ್ಕು ಸಲ ಓದಿದರೆ ಬಸ್ ಟಿಕೆಟ್ಟಿನಲ್ಲೂ ಏನೋ ಇರುತ್ತದೆ ಎಂದು ಆಗ ಹೊಳೆಯಲಿಲ್ಲ. ದಿನಾ ಸ್ಕೂಲಿಗೆ ಹೋಗುವ ಶಿವಮೊಗ್ಗದ ಬಸ್ಸಿನಲ್ಲಿ ಕೂತು ಗೆರೆಯಿಂದ ಗೆರೆಗೆ ಹಾರುತ್ತಾ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಹೆಚ್ಚಿನ ಪುಸ್ತಕಗಳಲ್ಲಿ ಅರ್ಧ ದಾಟಿದ ಮೇಲೆ ಗೆರೆಗಳೇ ಇರುತ್ತಿರಲಿಲ್ಲ. ಇಷ್ಟು ಬಲ್ಲವರೇ ಕೈಬಿಟ್ಟ ಮೇಲೆ ಇನ್ನೇನಿದ್ದೀತು ಎಂದು ನಾನೂ ಅಲ್ಲಿಗೇ ಮುಚ್ಚುತ್ತಿದ್ದೆ.

ರಿಜಿಸ್ಟರ್ ತೆಗೆಸಿ ಆ ನಂಬರು ಯಾರದೆಂದು ನೋಡಬಹುದಿತ್ತು. ನೋಡಲಿಲ್ಲ. ದಪ್ಪ ಕನ್ನಡಕದ, ಮಾತು ಕಡಿಮೆಯ, ರಿಟೈರಾದ ಫೋರ್‌ಮನ್ ಒಬ್ಬರು ನನ್ನ ತಲೆಯಲ್ಲಿ ಆಗಲೇ ತಯಾರಾಗಿದ್ದರು. ಅವರನ್ನು ಕೆಡಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಎರಡು ಸಾವಿರದ ಇಸವಿಯ ನಂತರ ಬೀದಿ ಖಾಲಿಯಾಗುತ್ತಾ ಬಂತು. ಒಬ್ಬೊಬ್ಬರೇ ರಿಟೈರಾಗಿ ಕ್ವಾರ್ಟರ್ಸ್ ಬಿಟ್ಟರು, ಅಪ್ಪ ತೀರಿಕೊಂಡ ಮೇಲೆ ನಾವೂ ಶಿವಮೊಗ್ಗಕ್ಕೆ ಬಂದೆವು. ವಾಚನಾಲಯ ಮುಚ್ಚುತ್ತಾರಂತೆ ಎಂದು ಕೇಳಿ ಓಡಿದರೆ ಪುಸ್ತಕಗಳೆಲ್ಲ ಗುಜರಿಗೆ ಹೋಗಿಯಾಗಿತ್ತು. ಆಮೇಲೆ ನನಗೆ ಓದೇ ಹತ್ತಲಿಲ್ಲ. ಅಂಗಡಿಯಿಂದ ಹೊಸ ಪುಸ್ತಕ ತಂದರೂ ಗೆರೆಯಿಲ್ಲದ ಪುಟಗಳ ಮುಂದೆ ಪೆದ್ದನ ಹಾಗೆ ಕೂರುತ್ತಿದ್ದೆ. ಹಾಗೇ ಎರಡು ವರ್ಷ ಕಳೆಯಿತು. ಕೊನೆಗೆ, ಮುಂದೆ ಏನು ಓದಬೇಕೆಂದು ಆ ಗೆರೆ ಎಳೆದವರನ್ನೇ ಕೇಳಬೇಕು ಅನ್ನಿಸಿತು. ಅವರು ಹೇಳದಿದ್ದರೆ ನನ್ನ ಓದು ಮುಗಿದ ಹಾಗೆಯೇ ಎಂದು ನನಗೆ ಗೊತ್ತಿತ್ತು. ವಾಚನಾಲಯ ನೋಡಿಕೊಳ್ಳುತ್ತಿದ್ದವರ ಹತ್ತಿರ ಹಳೇ ರಿಜಿಸ್ಟರ್ ಇತ್ತು. ಅರವತ್ತೊಂದರವರು ಈಗ ಮಲವಗೊಪ್ಪದಲ್ಲಿದ್ದಾರೆ ಎಂದರು.

ಬಾಗಿಲು ತೆಗೆದವರಿಗೆ ಕನ್ನಡಕವೇ ಇರಲಿಲ್ಲ. ಮೇಷ್ಟ್ರು ಎಂದು ಪರಿಚಯಿಸಿಕೊಂಡು ಬಂದ ಕಾರಣ ಹೇಳಿದೆ. "ಓದೋದಾ? ನಾನಾ? ಪೇಪರ್ ನೋಡಿದ್ರೆ ಹೆಚ್ಚು ಮಾರಾಯ್ರೆ! ಅದೆಲ್ಲ ಇವಳದ್ದು. ನಾನು ತಂದು ಕೊಡ್ತಿದ್ದೆ ಅಷ್ಟೆ," ಎಂದು ಒಳಗೆ ಕರೆದರು.

ಅವರ ಹೆಂಡತಿ ಕುರ್ಚಿಯಲ್ಲಿ ಕೂತಿದ್ದರು. ಸಕ್ಕರೆ ಕಾಯಿಲೆಯಲ್ಲಿ ಎರಡೂ ಕಣ್ಣು ಹೋಗಿದ್ದವು. ಇನ್ನು ಮುಂದಿನ ಪುಸ್ತಕವನ್ನು ಯಾರ ಹತ್ತಿರ ಕೇಳುವುದು? ಆದರೂ ಇಷ್ಟು ವರ್ಷ ಅವರ ಆಯ್ಕೆಯನ್ನು ಕಾಪಾಡಿಕೊಂಡು ಬಂದಿದ್ದೇನೆ ಎಂದಾದರೂ ತಿಳಿಯಲಿ ಎಂದು ನೋಟ್‌ಬುಕ್ ತೆಗೆದು ಓದತೊಡಗಿದೆ.

ಐದಾರು ಸಾಲು ಆಗುವಷ್ಟರಲ್ಲಿ ಆಕೆಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮೇಷ್ಟ್ರೇ, ಅವು ಸೈರನ್ ಗೆರೆ! ಕಾರ್ಖಾನೆದು ಎರಡು ಗಂಟೆ ಸೈರನ್ ಆದ್ರೆ ಇವ್ರು ಬಂದ್ಬಿಡೋರು, ಅನ್ನಕ್ಕಿಡ್ಬೇಕಿತ್ತು. ಹಾಳೆ ಮಡಿಸಿದ್ರೆ ವಾಚನಾಲಯದವ್ರು ಇವ್ರಿಗೆ ಬೈಯೋರು, ಇವ್ರು ನನಗೆ ಬೈಯೋರು. ಅದಕ್ಕೆ ಓದೋದು ಎಲ್ಲಿಗೆ ನಿಲ್ತೋ ಅಲ್ಲಿಗೊಂದು ಗೆರೆ ಎಳ್ದು ಎದ್ದೋಗ್ತಿದ್ದೆ."

ನೋಟ್‌ಬುಕ್ ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಅದರಲ್ಲಿದ್ದದ್ದೆಲ್ಲ ಒಬ್ಬ ಹೆಂಗಸು ಓದು ಬಿಟ್ಟು ಎದ್ದ ಜಾಗಗಳು. ಅವನ್ನೇ ನಾನು ವೇದಿಕೆ ಹತ್ತಿ ಜೀವನದ ಸಾರ ಎಂದು ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಇನ್ನು ಏನೂ ಉಳಿದಿಲ್ಲ ಅನ್ನಿಸಿತು.

"ಅರ್ಧಕ್ಕೆ ಯಾಕೆ ನಿಲ್ಲಿಸ್ತಿದ್ರಿ ಅಮ್ಮ?" ಎಂದು ಕೇಳಿದೆ.

"ನಾನೆಲ್ಲಿ ನಿಲ್ಲಿಸ್ದೆ? ಹದಿನೈದು ದಿನ ಆಯ್ತು ಅಂತ ಇವ್ರು ಡ್ಯೂಟಿಗೆ ಹೋಗ್ತಾ ಎತ್ಕೊಂಡೋಗಿ ಕೊಟ್ಟುಬಿಡೋರು. ಮುಗೀತಾ ಅಂತ ಒಂದಿನ ಕೇಳಿದೋರಲ್ಲ." ಗಂಡ ಕಿಟಕಿಯ ಕಡೆ ತಿರುಗಿಕೊಂಡರು. ಆಕೆ ನನ್ನ ದನಿ ಬಂದ ಕಡೆಗೆ ಸ್ವಲ್ಪ ಬಾಗಿದರು. "ನೀವು ಬಂದಿದ್ದು ಒಳ್ಳೇದಾಯ್ತು. ಒಂದು ಕಥೇಲಿ ಗಂಡ ಸತ್ತ ಹೆಂಗಸು ಊರೋರೆಲ್ಲ ನಗ್ತಿದ್ರೂ ಬಾವಿ ತೋಡಿಸ್ತಾ ಇರ್ತಾಳಲ್ಲ, ಅದನ್ನ ನೀವು ಓದಿದೀರಲ್ಲ? ನೀರು ಬಂತಾ ಅವಳಿಗೆ?"

ಆ ಪುಸ್ತಕ ನನಗೆ ಚೆನ್ನಾಗಿ ನೆನಪಿತ್ತು. ಅದರಿಂದ ಒಂಬತ್ತು ಸಾಲು ಬರೆದುಕೊಂಡಿದ್ದೆ. ಕೊನೆಯ ಗೆರೆಯ ಆಚೆ ಒಂದು ಪುಟವನ್ನೂ ಮಗುಚಿರಲಿಲ್ಲ.

"ಬಂತಮ್ಮ," ಎಂದೆ.

ಅವರ ಮುಖ ಅರಳಿತು. "ಹೌದಾ! ಎಷ್ಟು ಅಡಿಗೆ ಬಂತು?"

ನಾನು ನೋಟ್‌ಬುಕ್ಕಿನ ಹಾಳೆಗಳನ್ನು ಮಗುಚಿದೆ. ಆ ಒಂಬತ್ತು ಸಾಲುಗಳಲ್ಲಿ ಎಲ್ಲೂ ಅಡಿಯ ಲೆಕ್ಕ ಇರಲಿಲ್ಲ. ಆಕೆ ಹಾಳೆಯ ಸದ್ದಿಗೆ ಕಿವಿಗೊಟ್ಟರು. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿ, "ಅಯ್ಯೋ, ನೀವೂ ಮುಗಿಸ್ಲಿಲ್ವಾ," ಎಂದರು.