ಗಿರಿಜಮ್ಮನ ಬಿಟ್‌ಕಾಯಿನ್ ನಿಂತುಹೋದ ವಾರ

2023ರ ಕೊನೆಯ ತಿಂಗಳುಗಳಲ್ಲಿ ನಾನು ಜೆ.ಪಿ. ನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಗ್ರಾಹಕ ಸಹಾಯ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಅದಕ್ಕೆ ಮೊದಲು ಬಹಳ ವರ್ಷ ದೂರವಾಣಿ ಕ್ಷೇತ್ರದಲ್ಲಿ ದುಡಿದು, ಸ್ವಯಂ ನಿವೃತ್ತಿ ಪಡೆದು, ಮನೆಯಲ್ಲಿ ಕೂತು ಬೇಸರವಾಗಿ ಈ ಕೆಲಸಕ್ಕೆ ಸೇರಿದವಳು. ಕಂಪನಿಯಲ್ಲಿ ಉಳಿದವರೆಲ್ಲ ನನಗಿಂತ ಇಪ್ಪತ್ತು ಮೂವತ್ತು ವರ್ಷ ಚಿಕ್ಕವರು. ಸಿಟ್ಟು ಬಂದ ಗ್ರಾಹಕರನ್ನು ಮಾತ್ರ ನನ್ನ ಕಡೆಗೆ ದಾಟಿಸುತ್ತಿದ್ದರು.

ನಾವು ತಯಾರಿಸುತ್ತಿದ್ದುದು ಮೊಬೈಲಿನಲ್ಲಿ ಬಳಸುವ ಬಿಟ್‌ಕಾಯಿನ್ ವಾಲೆಟ್. ಹೆಸರಿಗೆ ವಾಲೆಟ್ ಆದರೂ ಅದರೊಳಗೆ ನಾಣ್ಯವೇನೂ ಇರುವುದಿಲ್ಲ. ಯಾರ ಬಳಿ ಎಷ್ಟು ಬಿಟ್‌ಕಾಯಿನ್ ಇದೆ ಎಂಬ ಲೆಕ್ಕವನ್ನು ಜಗತ್ತಿನಾದ್ಯಂತ ಹರಡಿರುವ ಕಂಪ್ಯೂಟರುಗಳು ಒಟ್ಟಾಗಿ ಇಟ್ಟುಕೊಂಡಿರುತ್ತವೆ. ವಾಲೆಟ್‌ನಲ್ಲಿರುವುದು ನಮ್ಮ ಪಾಲನ್ನು ಬಳಸುವ ಕೀಲಿಕೈ ಅಷ್ಟೇ. ಫೋನ್ ಕಳೆದುಹೋದರೆ ಆ ಕೀಲಿಕೈಯನ್ನು ಮತ್ತೆ ಪಡೆಯಲು ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಟ್ಟಿರುತ್ತಾರೆ. ಪದಗಳು ಯಾರ ಬಳಿ ಇವೆಯೋ ಹಣ ಅವರದು. ಬ್ಯಾಂಕಿನಲ್ಲಾದರೆ ಮ್ಯಾನೇಜರ್ ಮುಂದೆ ಹೋಗಿ ಅಳಬಹುದು. ಇಲ್ಲಿ ಅಳಲು ಯಾರ ಬಾಗಿಲೂ ಇಲ್ಲ.

ಆ ದಿನಗಳಲ್ಲಿ ಬಿಟ್‌ಕಾಯಿನ್ ಜಾಲದಲ್ಲಿ ವಿಪರೀತ ದಟ್ಟಣೆ. ಕಳಿಸಿದ ಹಣ ತಲುಪುತ್ತಿಲ್ಲ, ‘ಪೆಂಡಿಂಗ್’ ಎಂದೇ ತೋರಿಸುತ್ತಿದೆ ಎಂಬ ದೂರುಗಳು ರಾಶಿ ಬೀಳುತ್ತಿದ್ದವು. ನಮ್ಮಲ್ಲಿ ಅದಕ್ಕೊಂದು ಸಿದ್ಧ ಉತ್ತರವಿತ್ತು: ನಿಮ್ಮ ಹಣ ಸುರಕ್ಷಿತವಾಗಿದೆ, ದಯವಿಟ್ಟು ಕಾಯಿರಿ. ಆ ಉತ್ತರವನ್ನು ಒಂದಕ್ಕಿಂತ ಹೆಚ್ಚು ಬಾರಿ ಪಡೆದ ಒಬ್ಬ ಗ್ರಾಹಕರು, ಇಮೇಲ್‌ನ ಅಡಿಯಲ್ಲಿದ್ದ ವಿಳಾಸ ನೋಡಿಕೊಂಡು, ಒಂದು ಬುಧವಾರ ಮಧ್ಯಾಹ್ನ ನೇರವಾಗಿ ಆಫೀಸಿಗೇ ಬಂದುಬಿಟ್ಟರು.

“ಕಾಯಿರಿ ಕಾಯಿರಿ ಅಂತ ಮೇಲ್ ಹಾಕ್ತಿರೋದು ನೀವೇನಾ ಮೇಡಂ?”

ಸುಮಾರು ಐವತ್ತರ ಹೆಂಗಸು. ಹತ್ತಿ ಸೀರೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪರದೆ ಬಿರುಕುಬಿಟ್ಟ ಫೋನ್. ಹೆಸರು ಗಿರಿಜಮ್ಮ. ಚಿತ್ರದುರ್ಗದ ಕಡೆಯವರು, ಮದುವೆಯಾಗಿ ಬೆಂಗಳೂರಿಗೆ ಬಂದವರು. ಬಿಟಿಎಂ ಲೇಔಟಿನ ಒಂದು ಮನೆಯ ಕಾರ್ ಶೆಡ್‌ನಲ್ಲಿ ಜೋಳದ ರೊಟ್ಟಿ ಮೆಸ್ ನಡೆಸುತ್ತಿದ್ದರು. ಜೊತೆಯಲ್ಲಿ ಬಂದಿದ್ದ ಗಂಡ ಶಿವಾನಂದ ಅವರದು ಸ್ವಂತ ಟೆಂಪೊ. ಜಯನಗರದ ಅಂಗಡಿಗಳಿಗೆ ಪ್ಲೈವುಡ್ ಸಾಗಿಸುವ ಕೆಲಸ. ಒಂದೇ ಸ್ಕೂಟರಿನಲ್ಲಿ ಬಂದ ದಂಪತಿ. ಆದರೆ ಆಕೆ ನನ್ನೆದುರಿನ ಕುರ್ಚಿಯಲ್ಲಿ ಕೂತರೆ, ಆತ ಬಾಗಿಲ ಪಕ್ಕದ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತರು.

ಗಿರಿಜಮ್ಮ ವಿಷಯ ಹೇಳಿದರು. ಮೆಸ್‌ಗೆ ಊಟಕ್ಕೆ ಬರುತ್ತಿದ್ದ ಎಂಜಿನಿಯರ್ ಹುಡುಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಅವರಿಗೆ ಬಿಟ್‌ಕಾಯಿನ್ ಕೊಳ್ಳುವುದನ್ನು ಕಲಿಸಿದ್ದಳು. ಆಗಿನಿಂದ ರೊಟ್ಟಿಯ ದುಡಿಮೆಯಲ್ಲಿ ಮಿಕ್ಕಿದ್ದನ್ನು ಚೂರುಚೂರಾಗಿ ಅದರಲ್ಲಿ ಹಾಕಿಕೊಂಡು ಬಂದಿದ್ದರು. ಈಗ ಅರೆಕೆರೆಯ ಮುಖ್ಯರಸ್ತೆಯಲ್ಲಿ ಒಂದು ಜಾಗ ಸಿಕ್ಕಿತ್ತು. ದೊಡ್ಡ ಅಡುಗೆಮನೆ, ಕೂತು ಉಣ್ಣಲು ಹಾಲ್. ಅಡ್ವಾನ್ಸಿನಲ್ಲಿ ಒಂದು ಭಾಗ ಗಂಡನದು, ಉಳಿದದ್ದು ಇವರದು. ಅದಕ್ಕಾಗಿ ವಾಲೆಟ್‌ನಿಂದ ಎಕ್ಸ್‌ಚೇಂಜಿಗೆ, ಅಂದರೆ ಬಿಟ್‌ಕಾಯಿನ್ ಮಾರಿ ರೂಪಾಯಿ ಪಡೆಯುವ ಸಂಸ್ಥೆಗೆ, ಕಳಿಸಿದ್ದರು. ಅದು ಹೊರಟದ್ದೇನೋ ಹೊರಟಿತ್ತು, ತಲುಪಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಅಡ್ವಾನ್ಸ್ ಕೊಡದಿದ್ದರೆ ಜಾಗದ ಮಾಲೀಕರು ಅದನ್ನು ಮೊಬೈಲ್ ಅಂಗಡಿಯವರಿಗೆ ಕೊಡುವವರಿದ್ದರು.

“ಇವರು ಏನ್ ಹೇಳ್ತಾರೆ ಗೊತ್ತಾ ಮೇಡಂ? ಯಾವನೋ ಹೆಲ್ಪ್‌ಲೈನ್‌ನೋನು ಸಿಕ್ಕಿದಾನಂತೆ. ಹನ್ನೆರಡು ಪದ ಅವನಿಗೆ ಕೊಟ್ಬಿಡು, ಬಿಡಿಸ್ಕೊಡ್ತಾನೆ ಅಂತಾರೆ. ನಾನು ಕೊಡಲ್ಲ ಅಂದೆ. ಆವತ್ತಿಂದ ಮನೇಲಿ ಮಾತಿಲ್ಲ, ಕತೆಯಿಲ್ಲ.”

ಶಿವಾನಂದ ಗೋಡೆಯಿಂದ ಈ ಕಡೆ ತಿರುಗಿದರು. “ನಿಮ್ಮವರು ಬರೀ ಕಾಯಿರಿ ಅಂತ ಬರೀತಾರೆ. ಅವನು ಫೋನ್ ಮಾಡಿ ಮಾತಾಡ್ತಾನೆ, ಕನ್ನಡದಲ್ಲೇ. ನಮ್ಮ ಕಷ್ಟ ಏನು ಅಂತ ಕೇಳ್ತಾನೆ. ನಾನು ಯಾರನ್ನ ನಂಬ್ಬೇಕು, ನೀವೇ ಹೇಳಿ.”

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಅದೇ ಮನುಷ್ಯ. ಸ್ಪೀಕರ್ ಹಾಕಿ, ನಾನೇ ಮಾತಾಡುತ್ತೇನೆ ಎಂದು ಸನ್ನೆ ಮಾಡಿದೆ.

“ಸಾರ್, ಮೇಡಂ ಒಪ್ಪಿದ್ರಾ? ಲಿಂಕ್ ಕಳ್ಸಿದೀನಿ, ಆ ವರ್ಡ್ಸ್ ಹಾಕಿದ್ರೆ ಹತ್ತೇ ನಿಮಿಷ.”

“ನಾನು ಅವರ ಮನೆಯವಳು” ಎಂದೆ. “ಟ್ರಾನ್ಸಾಕ್ಷನ್ ನಂಬರ್ ನಿಮ್ಮ ಹತ್ರ ಇದ್ಯಲ್ಲ. ನಾವು ಎಷ್ಟು ಫೀ ಹಾಕಿದೀವಿ, ನೋಡಿ ಹೇಳಿ.”

“ಅದೆಲ್ಲ ವರ್ಡ್ಸ್ ಹಾಕಿದ್ಮೇಲೆ ಸಿಸ್ಟಮ್ಮೇ ತೋರ್ಸುತ್ತೆ ಮೇಡಂ.”

“ಫೀ ನೋಡೋಕೆ ಪದಗಳು ಬೇಡ. ನಂಬರ್ ಇದ್ರೆ ಜಗತ್ತಲ್ಲಿ ಯಾರು ಬೇಕಾದ್ರೂ ನೋಡಬಹುದು. ಪದಗಳು ಬೇಕಾಗೋದು ದುಡ್ಡು ತೆಗೆಯೋಕೆ.”

“ಮೇಡಂ, ಸರ್ವರ್ ಕ್ಲೋಸ್ ಆಗ್ತಿದೆ, ಬೇಗ...” ಎಂದವನು ಲೈನ್ ಕಟ್ ಮಾಡಿದ.

ಶಿವಾನಂದ ಫೋನನ್ನು ಜೇಬಿಗೆ ಹಾಕಿಕೊಂಡರು. “ಎಷ್ಟು ಮರ್ಯಾದೆಯಾಗಿ ಮಾತಾಡ್ತಿದ್ದ” ಎಂದರು ಮೆಲ್ಲಗೆ. ನಾನು ಗಿರಿಜಮ್ಮನ ಮುಖ ನೋಡಿದೆ. ಈಗ ಗಂಡನಿಗೆ ನಾಲ್ಕು ಮಾತು ಬೀಳುತ್ತವೆ ಎಂದುಕೊಂಡಿದ್ದೆ. ಆಕೆ ತಮಗೆಂದು ನಾನು ಇಟ್ಟಿದ್ದ ನೀರಿನ ಲೋಟವನ್ನು ಎತ್ತಿಕೊಂಡು ಹೋಗಿ ಅವರ ಕೈಗೆ ಕೊಟ್ಟು ಬಂದರು.

ನಾನು ಕಂಪ್ಯೂಟರಿನಲ್ಲಿ ಅವರ ಟ್ರಾನ್ಸಾಕ್ಷನ್ ತೆರೆದೆ. ಬಿಟ್‌ಕಾಯಿನ್ ಕಳಿಸಿದರೆ ಅದು ಕೂಡಲೇ ತಲುಪುವುದಿಲ್ಲ. ಮೊದಲು ಮೆಂಪೂಲ್ ಎಂಬ ಕಾಯುವ ಕೋಣೆಗೆ ಹೋಗುತ್ತದೆ. ಅಲ್ಲಿಂದ ಮೈನರ್ ಎನ್ನುವವರು, ಸುಮಾರು ಹತ್ತು ನಿಮಿಷಕ್ಕೊಮ್ಮೆ, ಒಂದಷ್ಟನ್ನು ಆರಿಸಿ ಬ್ಲಾಕ್ ಎಂಬ ಕಟ್ಟಿನಲ್ಲಿ ಸೇರಿಸುತ್ತಾರೆ. ಸೇರಿದ ಮೇಲೆ ಅದು ಪಕ್ಕಾ. ಜಾಗ ಕಡಿಮೆ ಇರುವುದರಿಂದ ಹೆಚ್ಚು ಫೀ ಕೊಟ್ಟವರಿಗೆ ಮೊದಲ ಸರದಿ. ಗಿರಿಜಮ್ಮನವರ ಫೀ ನೋಡಿದರೆ ಸಾಲಿನ ತೀರಾ ಹಿಂದೆ.

“ಮೂರು ಆಯ್ಕೆ ಇತ್ತು, ಕಮ್ಮಿ ಇರೋದನ್ನ ಒತ್ತಿದೆ” ಎಂದರು. “ಸೊಪ್ಪು ತಗೊಂಡ್ರೂ ಚೌಕಾಸಿ ಮಾಡೋಳು ನಾನು. ಜಾಸ್ತಿ ಇರೋದನ್ನ ಯಾಕೆ ಒತ್ತಲಿ?”

ನನಗೆ ನಗು ಬಂತು, ಆಕೆಯೂ ನಕ್ಕರು. ಆದರೆ ಇನ್ನೊಂದು ತೊಡಕಿತ್ತು. ಫೀ ಲೆಕ್ಕ ಹಾಕುವುದು ಹಣದ ಮೊತ್ತದ ಮೇಲಲ್ಲ, ಟ್ರಾನ್ಸಾಕ್ಷನ್‌ನ ಗಾತ್ರದ ಮೇಲೆ. ಚೂರುಚೂರಾಗಿ ಕೂಡಿಟ್ಟವರು ಒಟ್ಟಿಗೆ ಕಳಿಸಿದರೆ ಅದು ಚಿಲ್ಲರೆಯ ಗಂಟಿನಂತೆ. ಬೆಲೆ ಎಷ್ಟೇ ಇರಲಿ, ಹೊರಲು ಭಾರ. ಇವರದು ಅಂಥ ದೊಡ್ಡ ಗಂಟು. ಫೀ ಏರಿಸಿ ಅದನ್ನೇ ಮತ್ತೆ ಕಳಿಸುವ ಸೌಲಭ್ಯ ನಮ್ಮ ಹೊಸ ಆವೃತ್ತಿಯಲ್ಲಿತ್ತು; ಆಕೆ ಕಳಿಸಿದ್ದು ಹಳೆಯದರಿಂದ, ಹಾಗೆ ಹೊರಟದ್ದಕ್ಕೆ ಈಗ ಅದು ಸಿಗುವಂತಿರಲಿಲ್ಲ. ಹಾಗೇ ಬಿಟ್ಟರೆ ಒಂದೆರಡು ವಾರದಲ್ಲಿ ಸಾಲಿನಿಂದ ಬಿದ್ದುಹೋಗಿ ಹಣ ವಾಲೆಟ್‌ಗೆ ಮರಳುತ್ತಿತ್ತು. ಅಷ್ಟರಲ್ಲಿ ಅರೆಕೆರೆಯ ಜಾಗ ಕೈ ತಪ್ಪಿರುತ್ತಿತ್ತು.

ಉಳಿದದ್ದು ಒಂದೇ ದಾರಿ. ಕಳಿಸಿದ್ದರಲ್ಲಿ ಸ್ವಲ್ಪವಾದರೂ, ದೊಡ್ಡ ನೋಟು ಕೊಟ್ಟಾಗ ಚಿಲ್ಲರೆ ಮರಳುವಂತೆ, ಬಾಕಿಯಾಗಿ ಅವರದೇ ವಾಲೆಟ್‌ಗೆ ಹಿಂದಿರುಗುವುದಿದ್ದರೆ, ಆ ಬಾಕಿಯನ್ನು ಹೆಚ್ಚು ಫೀ ಕೊಟ್ಟು ತಮಗೇ ಮತ್ತೊಮ್ಮೆ ಕಳಿಸಿಕೊಳ್ಳುವುದು. ಬಾಕಿ ಹುಟ್ಟುವುದು ಮೊದಲನೆಯದರಿಂದ. ಆದ್ದರಿಂದ ಎರಡನೆಯದರ ಫೀ ಬೇಕೆಂದರೆ ಮೈನರ್ ಮೊದಲನೆಯದನ್ನೂ ಸೇರಿಸಿಕೊಳ್ಳಲೇಬೇಕು. ನಮ್ಮ ಭಾಷೆಯಲ್ಲಿ ಇದಕ್ಕೆ ಚೈಲ್ಡ್ ಪೇಸ್ ಫಾರ್ ಪೇರೆಂಟ್ ಎನ್ನುತ್ತಾರೆ. ಮಗು ತಾಯಿಯ ಟಿಕೆಟ್ ತೆಗೆಯುವುದು.

“ಎಲ್ಲಾ ಕಳಿಸಿಬಿಟ್ರಾ, ಸ್ವಲ್ಪ ಉಳಿಸಿಕೊಂಡ್ರಾ?” ಎಂದು ಕೇಳಿದೆ. ಇಂಥ ಸಂದರ್ಭದಲ್ಲಿ ಬಹುತೇಕ ಎಲ್ಲರೂ ಪೂರ್ತಿ ಕಳಿಸಿರುತ್ತಾರೆ.

“ಪೂರ್ತಿ ಹೆಂಗೆ ಕಳಿಸ್ತೀನಿ ಮೇಡಂ? ಅಕ್ಕಿ ಡಬ್ಬೀನೂ ನಾನು ತಳ ಕಾಣೋ ಹಂಗೆ ಬಳಿಯಲ್ಲ. ಒಂದಿಷ್ಟು ಬಿಟ್ಟೇ ಕಳಿಸಿದ್ದು.”

ಪರದೆಯಲ್ಲಿ ನೋಡಿದೆ. ನಿಜ, ಬಾಕಿ ಇತ್ತು. ಲೆಕ್ಕ ಹಾಕಿದೆ. ಆ ಮಧ್ಯಾಹ್ನದ ಫೀ ದರದಲ್ಲಿ ಅಷ್ಟು ಭಾರದ ಗಂಟನ್ನು ಎತ್ತಲು ಆ ಬಾಕಿ ಸಾಲುತ್ತಿರಲಿಲ್ಲ. ದರ ಇಳಿಯಬೇಕಿತ್ತು. ಅಮೆರಿಕದವರು ಮಲಗಿ, ಯುರೋಪಿನವರು ಇನ್ನೂ ಕೆಲಸಕ್ಕೆ ಕೂರದ ನಮ್ಮ ಬೆಳಗಿನ ಹೊತ್ತಿನಲ್ಲಿ ದಟ್ಟಣೆ ಸಾಮಾನ್ಯವಾಗಿ ಕಡಿಮೆ. ನಾಳೆ ಬೆಳಿಗ್ಗೆ ಬನ್ನಿ ಎಂದೆ.

“ಇಳಿಯುತ್ತೆ ಅಂತ ಗ್ಯಾರಂಟಿನಾ?” ಎಂದರು ಶಿವಾನಂದ.

“ಇಲ್ಲ. ಆದ್ರೆ ನಿಮ್ಮ ದುಡ್ಡು ಎಲ್ಲೂ ಹೋಗಿಲ್ಲ ಅನ್ನೋದು ಗ್ಯಾರಂಟಿ. ಸಾಲಿನಲ್ಲಿ ನಿಂತಿದೆ, ಅಷ್ಟೇ. ಆ ಪದಗಳನ್ನ ಯಾರಿಗೂ ಹೇಳ್ಬೇಡಿ. ನಾನು ಕೇಳಿದ್ರೂ ಹೇಳ್ಬೇಡಿ.”

ಅವರು ಹೋದ ಮೇಲೆ ನನಗೆ ಬೇರೆ ಕೆಲಸದ ಮೇಲೆ ಮನಸ್ಸು ನಿಲ್ಲಲಿಲ್ಲ. ಜಾಲದ ಬಗ್ಗೆ ಅಷ್ಟು ಚಿಂತೆಯಿರಲಿಲ್ಲ. ಆ ಸಂಜೆ ಆ ಹೆಲ್ಪ್‌ಲೈನ್‌ನವನು ಬೇರೊಂದು ನಂಬರಿನಿಂದ, ಬೇರೊಂದು ಮರ್ಯಾದೆಯ ದನಿಯಲ್ಲಿ ಮತ್ತೆ ಫೋನ್ ಮಾಡಿದರೆ ಆ ಗಂಡ ಹೆಂಡತಿ ಏನು ಮಾಡುತ್ತಾರೆ ಎಂಬುದೇ ಚಿಂತೆ.

ಗುರುವಾರ ನಾನು ಆಫೀಸಿಗೆ ಬರುವಷ್ಟರಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದರು, ಅಕ್ಕಪಕ್ಕದಲ್ಲಿ. ಅವನು ನಿಜಕ್ಕೂ ಮತ್ತೆ ಫೋನ್ ಮಾಡಿದ್ದನಂತೆ.

“ಈ ಸಲ ಇವರೇ ಎತ್ತಿದ್ರು” ಎಂದರು ಗಿರಿಜಮ್ಮ. “ಫೀ ಎಷ್ಟು ಹಾಕಿದೀವಿ ಹೇಳಪ್ಪಾ ಅಂತ ಕೇಳಿದ್ರು. ಫೋನ್ ಇಟ್ಬಿಟ್ಟ.” ಅವರ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. ಶಿವಾನಂದ ಚಪ್ಪಲಿ ನೋಡಿಕೊಂಡು ನಗುತ್ತಿದ್ದರು.

ದರ ಹಿಂದಿನ ದಿನಕ್ಕಿಂತ ಇಳಿದಿತ್ತು, ಆದರೂ ಸಾಲದು. ಕಾದೆವು. ಇನ್ನಷ್ಟು ಇಳಿಯಿತು, ಮತ್ತೆ ಏರಿತು. ಗಿರಿಜಮ್ಮ ಡಬ್ಬಿ ಬಿಚ್ಚಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಹಂಚಿದರು. ಆಫೀಸಿನ ಹುಡುಗ ಹುಡುಗಿಯರೆಲ್ಲ ತಿನ್ನುತ್ತಲೇ ನನ್ನ ಪರದೆಯ ಸುತ್ತ ನಿಂತರು. ಹತ್ತೂವರೆಯ ಹೊತ್ತಿಗೆ ದರ ಇದ್ದಕ್ಕಿದ್ದಂತೆ ಕುಸಿಯಿತು. ಲೆಕ್ಕ ಹಾಕಿದೆ. ಸಾಲುತ್ತಿತ್ತು, ಡಬ್ಬಿಯ ತಳದಲ್ಲಿ ಒಂದು ಹಿಡಿ ಉಳಿಯುವಷ್ಟು ಬಿಟ್ಟು.

ಖಚಿತವಾಗದ ಬಾಕಿಯನ್ನು ಬಳಸದಂತೆ ವಾಲೆಟ್‌ನಲ್ಲಿ ಒಂದು ತಡೆ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದು ಎಲ್ಲಿದೆ ಎಂದು ತೋರಿಸಿದೆ. ಗಿರಿಜಮ್ಮ ತಡೆ ತೆಗೆದರು, ತಮ್ಮದೇ ಹೊಸ ವಿಳಾಸ ಹಾಕಿದರು, ನಾನು ಹೇಳಿದ ಫೀ ಬರೆದರು. ಕೊನೆಯ ಬಟನ್ ಮೇಲೆ ಬೆರಳು ನಿಂತಿತು.

“ಇದೂ ಸಿಕ್ಕಾಕ್ಕೊಂಡ್ರೆ?”

“ಎರಡೂ ಒಟ್ಟಿಗೆ ಹೋಗ್ತವೆ, ಇಲ್ಲ ಎರಡೂ ಒಟ್ಟಿಗೆ ಇಲ್ಲೇ ಇರ್ತವೆ. ಒಂದು ಹೋಗಿ ಇನ್ನೊಂದು ಕಳೆದುಹೋಗೋದು ಅಂತ ಇಲ್ಲ.”

ಗಿರಿಜಮ್ಮ ತಿರುಗಿ ಗಂಡನನ್ನು ನೋಡಿದರು. “ಒತ್ತು” ಎಂದರು ಶಿವಾನಂದ. ಒತ್ತಿದರು.

ಮೊದಲ ಬ್ಲಾಕ್ ಬಂತು. ಅದರಲ್ಲಿ ನಮ್ಮದಿರಲಿಲ್ಲ. ಎರಡನೆಯದು ಬಹಳ ಹೊತ್ತು ಬರಲೇ ಇಲ್ಲ; ಅದು ಅದೃಷ್ಟದ ಆಟ, ಕೆಲವೊಮ್ಮೆ ಅರ್ಧ ಗಂಟೆಗೂ ಮೀರುತ್ತದೆ. ದರ ಮತ್ತೆ ಏರತೊಡಗಿತು. ಗಿರಿಜಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಆಮೇಲೆ ಪರದೆ ಒಮ್ಮೆ ಮಿನುಗಿ, ಕೆಂಪಗಿದ್ದ ‘ಪೆಂಡಿಂಗ್’ ಪದದ ಜಾಗದಲ್ಲಿ ಹಸಿರು ಬಂತು. ತಾಯಿ, ಮಗು, ಎರಡೂ ಒಂದೇ ಬ್ಲಾಕಿನಲ್ಲಿ.

ನಮ್ಮ ಹುಡುಗರು ಕ್ರಿಕೆಟ್ ಗೆದ್ದವರಂತೆ ಕೂಗಿದರು. ಗಿರಿಜಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಶಿವಾನಂದ ಅವರ ಭುಜದ ಮೇಲೆ ಕೈಯಿಟ್ಟು, “ಏಳು, ಅರೆಕೆರೆಗೆ ಫೋನ್ ಮಾಡೋಣ” ಎಂದರು. ಇನ್ನೂ ಕೆಲವು ಬ್ಲಾಕ್‌ಗಳು ಕಳೆದು ಎಕ್ಸ್‌ಚೇಂಜ್ ಜಮಾ ಮಾಡಬೇಕಿತ್ತು, ಮಾರಬೇಕಿತ್ತು, ತೆರಿಗೆ ಮುರಿದುಕೊಂಡು ಬ್ಯಾಂಕಿಗೆ ಬರಬೇಕಿತ್ತು. ಅವೆಲ್ಲ ತಮ್ಮ ಪಾಡಿಗೆ ನಡೆದವು. ಶುಕ್ರವಾರ ಮಧ್ಯಾಹ್ನ ಗಿರಿಜಮ್ಮನಿಂದ ಒಂದು ಫೋಟೊ ಬಂತು: ಖಾಲಿ ಹಾಲ್, ನಡುವೆ ನಿಂತ ಶಿವಾನಂದ, ಕೈಯಲ್ಲಿ ಬೀಗದ ಕೈ.

ಮರುವಾರ ನಮ್ಮ ಸಿದ್ಧ ಉತ್ತರವನ್ನು ನಾನು ತೆಗೆಸಿಹಾಕಿದೆ. ಅದರಲ್ಲಿ ಬರೆದದ್ದು ಸುಳ್ಳೇನಲ್ಲ. ಆದರೆ ದಿಗಿಲುಬಿದ್ದ ಮನುಷ್ಯನಿಗೆ ‘ಕಾಯಿರಿ’ ಎಂಬ ಒಂದು ಪದವನ್ನಷ್ಟೇ ಕೊಟ್ಟು ಕೂರಿಸಿದರೆ, ಮೊದಲು ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದವನ ಹಿಂದೆ ಅವನು ಹೋಗುತ್ತಾನೆ. ಅಂದಿನಿಂದ ಹಣ ನಿಂತುಹೋದ ಪ್ರತಿ ಗ್ರಾಹಕನಿಗೂ ನಮ್ಮಲ್ಲೊಬ್ಬರು ಫೋನ್ ಮಾಡಿ, ನಿಮ್ಮ ಹಣ ಎಲ್ಲಿ ನಿಂತಿದೆ, ಯಾಕೆ ನಿಂತಿದೆ, ಯಾರಿಗೆ ಏನು ಹೇಳಬಾರದು ಎಂದು ವಿವರಿಸುವ ಪದ್ಧತಿ ಬಂತು. ಹತ್ತು ನಿಮಿಷದ ಮಾತು. ಬಹಳಷ್ಟು ಸಲ ಅದರ ಮೇಲೆ ಇನ್ನೇನೂ ಮಾಡಬೇಕಾಗುತ್ತಿರಲಿಲ್ಲ. ಟ್ರಾನ್ಸಾಕ್ಷನ್ ತಾನಾಗಿ ಮುಂದೆ ಹೋಗುತ್ತಿತ್ತು.

ಈಗ ಆ ಕೆಲಸದಿಂದಲೂ ನಿವೃತ್ತಳಾಗಿದ್ದೇನೆ. ಬಿಟ್‌ಕಾಯಿನ್ ಬಗ್ಗೆ ಕಲಿತದ್ದರಲ್ಲಿ ಅರ್ಧದಷ್ಟು ಹಳತಾಗಿದೆ, ಉಳಿದರ್ಧವೂ ಹಳತಾಗುತ್ತದೆ. ನಿಂತದ್ದಕ್ಕೂ ಕಳೆದುಹೋದದ್ದಕ್ಕೂ ಇರುವ ವ್ಯತ್ಯಾಸವನ್ನು ಹೆದರಿ ಕೂತವರಿಗೆ ಅರ್ಥವಾಗುವಂತೆ ಹೇಳುವುದೇ ನನ್ನ ಕೆಲಸವಾಗಿತ್ತು, ಮಿಕ್ಕದ್ದನ್ನು ಯಂತ್ರ ಮಾಡುತ್ತಿತ್ತು ಎಂಬುದು ಮಾತ್ರ ನನ್ನೊಂದಿಗೆ ಉಳಿದಿದೆ.