ಅವ್ವ ಹಿಡಿದೇಳುವ ಸ್ಟ್ಯಾಂಡು

ಸಿಂಧನೂರಿನಿಂದ ತಂದಿದ್ದ ಕಬ್ಬಿಣದ ಅಂಗಿ ಸ್ಟ್ಯಾಂಡು ಬಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲು ಅಲುಗಿದ್ದು ನನ್ನ ರೇನ್‌ಕೋಟಿನ ತೋಳು. ಆಮೇಲೆ ಅದರ ಕೆಳಗೆ ಅವ್ವನ ಕೈ ಕಂಡಿತು. ನೆಲದಿಂದ ಏಳಲು ಅವಳು ಸ್ಟ್ಯಾಂಡಿನ ಕಂಬ ಹಿಡಿದಿದ್ದಳು. ಕಂಬ ನಿಲ್ಲಲಿಲ್ಲ, ಅವಳ ಮೇಲೆಯೇ ಬಂತು. ನಾನು ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ಬಟ್ಟೆಗಳ ಕೆಳಗಿಂದ, “ಏನೂ ಆಗಿಲ್ಲ” ಎಂಬ ದನಿ ಕೇಳಿಸಿತು.

ಮೂಳೆ ಮುರಿದಿರಲಿಲ್ಲ. ಆದರೆ ಅಂದಿನಿಂದ ಅವ್ವ ತಾನಾಗಿ ಏಳುವುದನ್ನೇ ಬಿಟ್ಟಳು. ಬಚ್ಚಲಿಗೆ ಹೋಗಬೇಕಾದರೂ ಯಾರಾದರೂ ಬರಲಿ ಎಂದು ಕಾಯುತ್ತಿದ್ದಳು, ಕರೆಯುತ್ತಿರಲಿಲ್ಲ. ಹಾಗೆ ಕೂತು ಕಾಯುವುದನ್ನು ನೋಡಲಾಗದೆ ಮಸ್ಕಿಯ ನಮ್ಮ ಓಣಿಯ ಬಡಿಗನನ್ನು ಕರೆತಂದೆ. ಕಟ್ಟಿಗೆಯ ಸ್ಟ್ಯಾಂಡು ಬೇಕು, ಅವ್ವ ಜಗ್ಗಿದರೂ ಅದು ಕದಲಬಾರದು ಎಂದೆ.

“ಅಂದ್ರ ಇದು ಅಂಗಿ ಹಾಕಾಕಲ್ಲ ಅನ್ರಿ, ಮುದುಕೀನ ತೂಗಹಾಕಾಕ,” ಅಂದ ಬಡಿಗ.

“ಮೊದ್ಲ ನೀ ಜೋತುಬಿದ್ದು ತೋರ್ಸಲೇ ತಮ್ಮಾ. ನಿನ್ನ ತಾಳಿದ್ರ ನನ್ನೂ ತಾಳತೈತಿ,” ಅಂದಳು ಅವ್ವ.

ಅವನು ಬೇವಿನ ದಪ್ಪ ಕಂಬ ನಿಲ್ಲಿಸಿದ. ಮೇಲೆ ಬಟ್ಟೆಗೆ ಗೂಟಗಳು, ಅವ್ವನ ಕೈಗೆ ಸಿಗುವಲ್ಲಿ ಒಂದು ಅಡ್ಡಪಟ್ಟಿ, ಬುಡಕ್ಕೆ ಅಗಲವಾದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಜೋಳದ ಚೀಲ ಇಟ್ಟರೆ ಆ ಭಾರಕ್ಕೆ ಸ್ಟ್ಯಾಂಡು ಗಟ್ಟಿ ಕೂರುತ್ತದೆ ಎಂದ. ಇಟ್ಟೆವು. ಆದರೆ ಜೋಳ ದಿನವೂ ತಿನ್ನುವ ವಸ್ತು. ಹೆಂಡತಿ ಗಿರಣಿಗೆಂದು ಜೋಳ ತೆಗೆದಾಗಲೆಲ್ಲ ನಾನು ಎದ್ದು ಹೋಗಿ ಕಂಬವನ್ನು ಅಲ್ಲಾಡಿಸಿ ನೋಡುತ್ತಿದ್ದೆ. ಊಟದ ನಡುವೆ ಏಳುತ್ತಿದ್ದೆ. ಒಮ್ಮೆ ಕೆಲಸಕ್ಕೆಂದು ಲಿಂಗಸುಗೂರಿಗೆ ಹೊರಟು, ಬಸ್‌ಸ್ಟ್ಯಾಂಡಿನಿಂದ ತಿರುಗಿ ಬಂದೂ ನೋಡಿದೆ.

“ಎಷ್ಟ್ ಅಲ್ಲಾಡಸ್ತೀಲೇ? ಅದೇನ್ ಹುಳಕ ಹಲ್ಲೇನು?” ಅಂದಳು ಅವ್ವ.

ಅವಳು ಅದನ್ನು ಹಿಡಿದು ಏಳತೊಡಗಿದ್ದಳು, ನಾನಿದ್ದಾಗ ಮಾತ್ರ. ಆಗೆಲ್ಲ ನಾನು ಪಕ್ಕದಲ್ಲಿ ನಿಂತು, ತೂಗುಬಿಟ್ಟ ಬಟ್ಟೆಗಳ ಮರೆಯಲ್ಲಿ ಕಂಬವನ್ನು ಒತ್ತಿ ಹಿಡಿದಿರುತ್ತಿದ್ದೆ. ಅವಳಿಗೆ ಕಾಣುವುದಿಲ್ಲ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವಳು ಅಡ್ಡಪಟ್ಟಿಗೆ ಕೈ ಹಾಕಿದವಳು ಏಳದೆ ಹಾಗೇ ಕೂತಳು.

“ಕೈ ತೆಗಿ.”

“ಏಳು ಬೇ ಯವ್ವಾ, ನಾ ಸುಮ್ನ ನಿಂತೀನಿ.”

“ತೆಗಿ ಅಂದೆ. ನೀ ಕೆಲಸಕ್ಕ ಹ್ವಾದ ಮ್ಯಾಲ ನಾ ಯಾರನ್ನ ಹಿಡಕೊಂಡು ಏಳ್ಲಿ? ಇದು ನಿಂತೈತೋ, ನೀ ನಿಂತೀಯೋ, ನನಗ ಗೊತ್ತಾಗ್ಬೇಕು.”

ಕೈ ತೆಗೆದೆ. ಅವಳಿಗೆ ಕಾಣುವಂತೆ ಎದುರಿಗೆ ಬಂದು ನಿಂತೆ. ಅವ್ವನ ಬೆರಳುಗಳು ಬಿಗಿಯಾದವು, ಅವಳ ಭುಜ ತಾಗಿ ಗೂಟದಲ್ಲಿದ್ದ ಅಂಗಿಗಳು ತುಸು ಓಲಾಡಿದವು. ಕಂಬ ಅಲುಗಲಿಲ್ಲ. ಎದ್ದು ನಿಂತಳು, ಗೋಡೆ ಹಿಡಿದು ನನ್ನ ಪಕ್ಕದಿಂದಲೇ ಬಚ್ಚಲ ಕಡೆ ನಡೆದಳು. ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ, ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳುವವರೆಗೆ ನಾನು ಅಲ್ಲೇ ನಿಂತಿದ್ದೆ.