ಗಂಡನ ಹೆಸರಿಗೊಂದು ಓಟು

ನಮ್ಮ ಯಜಮಾನರು ಪ್ರಜಾಪ್ರತಿನಿಧಿ ಸಭೆಗೆ ನಿಂತ ವರ್ಷ ಮಧುಗಿರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಎದುರಿಗೆ ನಿಂತವರು ಪೇಟೆಯ ಸಾಹುಕಾರರು. ಇಬ್ಬರ ಬಲವೂ ಸಮಸಮ. ಗೆದ್ದವರು ದಸರೆಗೆ ಮೈಸೂರಿಗೆ ಹೋಗಿ ದಿವಾನರ ಎದುರು ಊರಿನ ಕಷ್ಟಸುಖ ಹೇಳಬಹುದು. ಇವರಂತೂ ಅದಕ್ಕೆಂದು ಜರಿ ರುಮಾಲನ್ನು ಆಗಲೇ ತಂದಿಟ್ಟುಕೊಂಡಿದ್ದರು. ಸೋತರೆ ಆ ರುಮಾಲು ಕಣ್ಣಿಗೆ ಬಿದ್ದಾಗಲೆಲ್ಲ ಮನೆಯಲ್ಲಿ ಸಿಡಿಮಿಡಿ ತಪ್ಪಿದ್ದಲ್ಲ.

ಹೆಂಗಸರಿಗೂ ಆಗ ಹೊಸದಾಗಿ ಓಟು ಬಂದಿತ್ತು, ಆದರೆ ಸ್ವಂತ ಜಮೀನಿಗೆ ಕಂದಾಯ ಕಟ್ಟುವವರಿಗೆ ಮಾತ್ರ. ಅಪ್ಪ ಅರಿಸಿನ ಕುಂಕುಮಕ್ಕೆಂದು ಕೊರಟಗೆರೆ ಕಡೆ ಬರೆದುಕೊಟ್ಟ ಗದ್ದೆಯಿಂದಾಗಿ ನನಗೂ ಓಟಿತ್ತು. ಸಾಹುಕಾರರ ಹೆಂಡತಿಗೂ ಇತ್ತು. ಓದು ಬಾರದವರು ಅಮಲ್ದಾರರ ಮುಂದೆ ನಿಂತು ಯಾರಿಗೆ ಓಟು ಎಂದು ಹೆಸರು ಹೇಳಬೇಕು. ನಾನು ಅಕ್ಷರ ಕಲಿತದ್ದು ಆಮೇಲೆ, ಮೊಮ್ಮಗಳ ಜೊತೆ ಕೂತು. ಹಳ್ಳಿ ಹಳ್ಳಿ ಅಲೆದು ಓಟು ಕೇಳಿದ ಈ ಬುದ್ಧಿವಂತ ಗಂಡಸರಿಗೆ, ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎಂಬುದು ಮಾತ್ರ ಹೊಳೆದಿರಲಿಲ್ಲ!

ಓಟಿನ ದಿನ ಕಚೇರಿಯಲ್ಲಿ ಮೊದಲು ಹೋದವರು ಸಾಹುಕಾರರ ಹೆಂಡತಿ. "ನಮ್ಮೋರಿಗೇ ಸ್ವಾಮಿ" ಎಂದರು. ಹೆಸರು ಬೇಕಮ್ಮ ಎಂದರು ಅಮಲ್ದಾರರು. ಆಕೆಯ ತುಟಿ ಅಲುಗಿತೇ ಹೊರತು ಮಾತು ಬರಲಿಲ್ಲ. ಕಣ್ಣೊರೆಸಿಕೊಂಡು ಹೊರಟೇಹೋದರು. ನನಗೆ ಅಯ್ಯೋ ಅನ್ನಿಸಿತು. ಅವರದೊಂದು ಓಟು ಹೋಯಿತಲ್ಲ ಎಂದು ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ.

ಮುಂದಿನ ಸರದಿ ನನ್ನದು. ಬಾಗಿಲಲ್ಲಿ ನಿಂತಿದ್ದ ಇವರು ನನ್ನ ಬಾಯನ್ನೇ ನೋಡುತ್ತಿದ್ದರು. ಮದುವೆಯಾಗಿ ಬಂದ ದಿನ ನಾದಿನಿ ಹೊಸಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳದೆ ಒಳಗೆ ಬಿಡೆನೆಂದದ್ದು ತಟ್ಟನೆ ನೆನಪಾಯಿತು. ಅಂದು ಒಗಟು ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸಿ ಪಿಸುಗುಟ್ಟಿದ್ದೆ. ಒಗಟಿನಲ್ಲಿ ಹೇಳಿದರೆ ದೋಷವಿಲ್ಲ. ಕಣ್ಣು ಮುಚ್ಚಿ ಶುರು ಮಾಡಿಯೇಬಿಟ್ಟೆ. ಬೆಟ್ಟದ ಮೇಲಿನ ದೀಪ, ಬೆಳ್ಳಿ ಬಟ್ಟಲ ಹಾಲು ಎಲ್ಲ ಮುಗಿಸಿ, ಕೊನೆಗೆ ಇಡೀ ಕಚೇರಿಗೆ ಕೇಳುವಂತೆ ಹೆಸರು ಹೇಳಿದೆ. ಸಾಹುಕಾರರ ಕಡೆಯವರು ಇದು ಓಟಲ್ಲ, ಸೋಬಾನೆ ಎಂದು ತಕರಾರು ತೆಗೆದರು. ಅಮಲ್ದಾರರು ನಗು ತಡೆದುಕೊಂಡು, ಹೆಸರು ಬಂತಲ್ಲ, ಸಾಕು ಎಂದು ಬರೆದುಕೊಂಡರು.

ಸಂಜೆ ಎಣಿಸಿದರೆ ಇವರು ಗೆದ್ದದ್ದು ಒಂದೇ ಓಟಿನಿಂದ! ಬೀದಿಯಲ್ಲಿ ತಮಟೆಯೋ ತಮಟೆ. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜನ ಕರಗಿದ ಮೇಲೆ ಇವರು ರುಮಾಲು ಸುತ್ತಿಕೊಂಡೇ ಅಡುಗೆಮನೆಗೆ ಬಂದರು.

"ಮದ್ವೇಲಿ ನಂಗೂ ಕೇಳಿಸ್ದೇ ಇರೋ ಹಂಗೆ ಹೇಳಿದ್ದೆ, ಇವತ್ತು ಊರಿಗೆಲ್ಲ ಕೇಳಂಗೆ ಹೇಳ್ಬುಟ್ಟೆ. ಇನ್ನೊಂದ್ಸಲ ಹೇಳೇ, ನನ್ನೊಬ್ಬನಿಗೆ."

ನಾಚಿಕೆಯಿಂದ ಒಲೆಯ ಕಡೆ ತಿರುಗಿಕೊಂಡೆ.

"ಮುಂದಿನ ಸಲ್ವೂ ನಿಂತ್ಕಳಿ, ಹೇಳ್ತೀನಿ."